ಗೌರವ್ವನ ಬಲಗಂಕುಳು

ಕುಬಸದ ಕಂಕುಳಲ್ಲಿ ಬೆವರು ಒಣಗಿ ಬಿಳಿಯ ಉಪ್ಪಿನ ಗೆರೆ ಮೂಡಿತ್ತು. ನನ್ನ ಬೆರಳು ಆ ಗೆರೆಯ ಹತ್ತಿರದವರೆಗೆ ಹೋಗಿ ನಿಂತಿತು. ಮುಟ್ಟಲಿಲ್ಲ. ಮುಟ್ಟಿ ನೋಡಿದೆ ಎಂದು ತಂದೆಗೆ ಸುಳ್ಳು ಹೇಳಿದೆ. ಆ ಸುಳ್ಳಿನಿಂದ ಅಬ್ಬಿಗೇರಿಯ ಗೌರವ್ವ ತನ್ನ ಬಲತೋಳನ್ನು ಕಳೆದುಕೊಂಡಳು— ತೋಳು ಇದೆ, ಮೇಲೇಳುವುದಿಲ್ಲ.

ನನ್ನ ತಂದೆ ರೋಣದಲ್ಲಿ ವೈದ್ಯರು. ಪರಸ್ತ್ರೀಯರ ಮೈ ಮುಟ್ಟುವವರಲ್ಲ. ಹೆಂಗಸರು ಬಂದರೆ ನಡುಮನೆಯ ಬಾಗಿಲಿಗೆ ಹಳೆಯ ಸೀರೆ ಕಟ್ಟಿ, ತಾವು ಪಡಸಾಲೆಯಲ್ಲಿ ಕುಳಿತು ಕೇಳುತ್ತಾರೆ. ನಾನು ಒಳಗೆ ಮುಟ್ಟಿ ನೋಡಿ ಹೇಳುತ್ತೇನೆ. ಧಾರವಾಡದಲ್ಲಿ ಕುಂಪಣಿ ಸರಕಾರದ ದವಾಖಾನೆ ಇದೆಯಂತೆ; ನಮ್ಮ ಕಡೆಯ ಹೆಂಗಸರು ಅಲ್ಲಿಗೆ ಹೋದದ್ದನ್ನು ನಾನು ಕೇಳಿಲ್ಲ. ಅವರಿಗೆ ನನ್ನ ಕೈಯೇ ಗತಿ.

ಗಂಡನ ಮನೆ ಕಾಣುವ ಮೊದಲೇ ವಿಧವೆಯಾದ ನನಗೆ ತಂದೆ ಅಕ್ಷರ ಕಲಿಸಿದರು, ಆಮೇಲೆ ಮೈಯನ್ನು ಕಲಿಸಿದರು. ಕಂಕುಳೊಂದಕ್ಕೇ ಬಹಳ ದಿನ ಹಿಡಿಯಿತು. ತೋಳಿಗೆ ಹೋಗುವ ರಕ್ತವೆಲ್ಲ ಆ ಗುಳಿಯಲ್ಲೇ ಹಾಯುತ್ತದೆ. ಬೆರಳಿಟ್ಟರೆ ಮಿಡಿತ ಸಿಗುತ್ತದೆ. ಎದೆಗೂ ಅದಕ್ಕೂ ನಡುವೆ ಕಕ್ಷಾಧರ ಎಂಬ ಮರ್ಮವಿದೆ, ಅದಕ್ಕೆ ಪೆಟ್ಟಾದರೆ ಕೈ ಬೀಳುತ್ತದೆ. ಎಲ್ಲವೂ ಬಾಯಿಪಾಠವಾಗಿತ್ತು. ಆಗಿದ್ದೂ—

ಗೌರವ್ವ ತನ್ನ ಅತ್ತೆಯ ಜೊತೆ ಗಾಡಿಯಲ್ಲಿ ಬಂದಳು. ಜೋಳದ ಸುಗ್ಗಿ, ಹೊಲದಿಂದ ನೇರವಾಗಿ ಬಂದಿದ್ದಳು. ಬಲತೋಳನ್ನು ಮೈಗೆ ತಾಗದಂತೆ ದೂರ ಹಿಡಿದಿದ್ದಳು.

"ಬಗಲಾಗ ನಿಂಬಿಕಾಯಿ ಇಟ್ಕೊಂಡ ತಿರಗಾಕತ್ತೇನ್ರೀ ಅವ್ವಾರ," ಎಂದು ತಾನೇ ನಕ್ಕಳು. "ಸಂತ್ಯಾಗ ಮಾರಾಕ ಬರಂಗಿಲ್ಲ ನೋಡ್ರಿ."

"ತೋಳ ಎತ್ತ, ಮದಲಗಿತ್ತಿ ಹಾಂಗ ನಾಚಬ್ಯಾಡ," ಎಂದು ಅತ್ತೆ ನನ್ನ ಬೆನ್ನ ಹಿಂದಿನಿಂದ ಗದರಿದಳು. "ಜ್ವಾಳ ಕೀಳಾಕ ಆಳಿಲ್ಲ, ಈಕಿ ಬಗಲ ಹಿಡಕೊಂಡ ಕುಂತಾಳ."

"ಹೊಲಸ ಅದೀನ್ರಿ... ಜಳಕಾ ಮಾಡಿಲ್ಲ," ಎಂದು ಗೌರವ್ವ ಸಣ್ಣ ದನಿಯಲ್ಲಿ ಹೇಳಿ ಕುಬಸ ಸಡಿಲಿಸಿ ತೋಳೆತ್ತಿದಳು. ನೋವಿಗೆ ಹೆದರಿ ಮುಖವನ್ನು ಗೋಡೆಗೆ ತಿರುಗಿಸಿ ಕಣ್ಣು ಮುಚ್ಚಿಕೊಂಡಳು.

ಬೆವರಲ್ಲಿ ಅಂಟಿದ ಕೂದಲು, ಕೆಂಪಗೆ ಹೊಳೆಯುವ ಬಾವು, ಹುಳಿ ವಾಸನೆ. ನಾನು ಮಿಂದು ಅಡುಗೆಗೆಂದು ಮಡಿಯುಟ್ಟಿದ್ದೆ. ಮುಟ್ಟಿದರೆ ಮತ್ತೆ ಮೀಯಬೇಕು— ಇದನ್ನೇ ಇಷ್ಟು ವರ್ಷ ನನಗೆ ನಾನು ಹೇಳಿಕೊಂಡು ಬಂದೆ. ಆದರೆ ಮಡಿಯಲ್ಲಿದ್ದಾಗಲೇ ಎಷ್ಟೋ ಹೆಂಗಸರ ಹೊಟ್ಟೆ ಒತ್ತಿ ನೋಡಿದ್ದೇನೆ, ಕಾಲಿನ ಹುಣ್ಣು ತೊಳೆದಿದ್ದೇನೆ, ಮತ್ತೆ ಮಿಂದಿದ್ದೇನೆ. ಹಾಗಾದರೆ ಅಂದು—

ಹೊರಗಿನಿಂದ ತಂದೆಯ ದನಿ ಬಂತು. "ಮುಟ್ಟಿ ನೋಡಿದೇನವ್ವಾ? ಕಾಯಿ ಅದನೋ, ಹಣ್ಣಾಗೇದನೋ?"

ಕುರು ಹಣ್ಣಾಗಿದ್ದರೆ ಸೂಲಗಿತ್ತಿಯನ್ನು ಕರೆಸಿ ಅಂದೇ ಕೊಯ್ಯಿಸಿ ಕೀವು ತೆಗೆಸಬೇಕು. ಕಾಯಿಯಾಗಿದ್ದರೆ ಶಾಖ ಕೊಟ್ಟು ಕಾಯಬೇಕು. ಒತ್ತಿ ನೋಡದೆ ಅದು ತಿಳಿಯುವುದಿಲ್ಲ. ಕೊಯ್ಯುವುದಾದರೆ ಆ ತೋಳನ್ನು ಹಿಡಿದು ಕೂರಬೇಕಾದವಳು ನಾನೇ.

"ಕಾಯಿ ಅದ, ಅಪ್ಪಾ," ಎಂದೆ.

ಗೌರವ್ವ ಕಣ್ಣು ಬಿಟ್ಟಳು. "ಆತೇನ್ರಿ? ಎಷ್ಟ ಹಗೂರ ಕೈರೀ ನಿಮ್ಮದು! ಮುಟ್ಟಿದ್ದ ಗೊತ್ತಾಗಲಿಲ್ಲ."

ಅಗಸೆ ಹಿಟ್ಟು ಬೇಯಿಸಿ ಬಿಸಿಬಿಸಿಯಾಗಿ ಕಟ್ಟಲು ಹೇಳಿ ತಂದೆ ಅವರನ್ನು ಕಳಿಸಿದರು. ಹಣ್ಣಾಗಿದ್ದ ಕುರುವಿನ ಕೀವು ಹೊರದಾರಿ ಸಿಗದೆ ಪಕ್ಕೆಯ ಕಡೆಗೆ ಇಳಿಯಿತು. ಜ್ವರದಲ್ಲಿ ಎಚ್ಚರ ತಪ್ಪಿದವಳನ್ನು ಮತ್ತೆ ಗಾಡಿಯಲ್ಲಿ ಹಾಕಿಕೊಂಡು ತಂದಾಗ ಸೂಲಗಿತ್ತಿ ಆಳವಾಗಿ ಕೊಯ್ದಳು. ಜೀವ ಉಳಿಯಿತು. ಗಾಯ ಮಾಯುತ್ತ ಮಾಯುತ್ತ ಚರ್ಮ ಸೆಳೆದುಕೊಂಡು ತೋಳನ್ನು ಪಕ್ಕೆಗೆ ಹೊಲಿದಂತಾಯಿತು.

"ಕಾಯಿ ಇದ್ದದ್ದು ಹಿಂಗ ಒಳಗ ಇಳೀತದ? ನನ್ನ ಔಷಧನ ತಪ್ಪಿತು," ಎಂದರು ತಂದೆ. ಅಂದಿನಿಂದ ಕುರು ಎಂದು ಬಂದವರನ್ನು ತಿರುಗಿ ಕಳಿಸತೊಡಗಿದರು. ಪಡಸಾಲೆಯಿಂದ ನರಳುತ್ತ ಇಳಿದು ಹೋಗುವವರನ್ನು ನಾನು ಸೀರೆಯ ಮರೆಯಿಂದ ನೋಡುತ್ತಿದ್ದೆ. ಬಾಯಿ ಬಿಡಲಿಲ್ಲ.

ವರ್ಷಗಳು ಕಳೆದವು. ಮೊನ್ನೆ ಗೌರವ್ವ ಮಗುವಿನ ಕೆಮ್ಮಿಗೆ ಔಷಧ ಕೇಳಿಕೊಂಡು ಬಂದಳು. ದಾರಿಯಲ್ಲಿ ಬಿಚ್ಚಿಹೋದ ಅವಳ ಕೂದಲನ್ನು ನಮ್ಮ ಜಗುಲಿಯ ಮೇಲೆ ಅತ್ತೆ ಬಾಚುತ್ತಿದ್ದಳು.

"ಸೊಸಿ ಕಡಿಂದ ತಲಿ ಹಿಕ್ಕಿಸ್ಕೊಳ್ಳೂ ವಯಸ್ಸಿನ್ಯಾಗ ಸೊಸಿ ತಲಿ ಹಿಕ್ಕೂದು ಬಂತ ನನ್ನ ಹಣ್ಯಾಗ."

"ಹಂಗಾರ ಬೋಳಿಸಿ ಬಿಡತ್ತಿ," ಎಂದು ನಕ್ಕವಳು ನನ್ನ ಬೋಳುತಲೆ ಕಂಡು ನಾಲಿಗೆ ಕಚ್ಚಿಕೊಂಡಳು. ಮಗು ಎತ್ತಿಕೊ ಎಂದು ಎರಡೂ ಕೈ ಚಾಚಿತು. ಒಂದೇ ತೋಳು ಮುಂದೆ ಬಂತು. ಮಾತು ಮರೆಸಲೆಂದೋ ಏನೋ, ಆಕೆ ನನಗೆ ಹೇಳಿದಳು: "ನಿಮ್ಮ ಹಗೂರ ಕೈಲೆ ಜೀವಾ ಉಳೀತ್ರಿ ಅವ್ವಾರ. ದಿನಾ ನೆನಸ್ತೇನಿ."

ದಿನವೂ ನೆನೆಯುತ್ತಾಳೆ. ಅಂದು ಅಡುಗೆಗೆ ಎರಡು ಸಲ ಉಪ್ಪು ಹಾಕಿದೆ. ಒಂದು ಕಡೆ ಕೂರಲಾಗಲಿಲ್ಲ.

ಮರುದಿನ ಬೆಳಗ್ಗೆ ತಂದೆ ಸಂಧ್ಯಾವಂದನೆ ಮುಗಿಸುವವರೆಗೆ ಕಾದು ಎಲ್ಲವನ್ನೂ ಹೇಳಿದೆ. ಅವರು ಪಂಚಪಾತ್ರೆಯಲ್ಲಿ ಉಳಿದ ನೀರನ್ನು ತುಳಸಿಗೆ ಸುರಿದು ಬಂದರು.

"ನನಗ್ಯಾಕ ಹೇಳತಿ?" ಎಂದರು. "ತೋಳು ನಂದಲ್ಲ."

ಗಾಡಿ ಹೂಡಿಸಿಕೊಂಡು ಅಬ್ಬಿಗೇರಿಗೆ ಹೋದೆ. ಗೌರವ್ವ ಎಡಗೈಯಲ್ಲಿ ಅಂಗಳ ಗುಡಿಸುತ್ತಿದ್ದಳು. ಗಡಿಬಿಡಿಯಿಂದ ಕಂಬಳಿ ಹಾಸಲು ಹೊರಟವಳನ್ನು ತಡೆದು ನಿಂತೇ ಹೇಳಿದೆ: "ಗೌರವ್ವಾ, ಅವತ್ತ ನಾ ನಿನ್ನ ಬಗಲ ಮುಟ್ಟಲೇ ಇಲ್ಲ. ಮುಟ್ಟೀನಿ ಅಂತ ಸುಳ್ಳ ಹೇಳಿದೆ. ಮುಟ್ಟಿದ್ದರ ನಿನ್ನ ತೋಳು ಉಳೀತಿತ್ತು."

ಆಕೆ ನನ್ನನ್ನೇ ನೋಡಿದಳು. "ಯಾಕ್ರಿ?" ಎಂದಳು. ಅಷ್ಟೇ.

ಮಡಿಯಲ್ಲಿದ್ದೆ ಎಂದರೆ ಸಾಕಿತ್ತು. ಆಕೆ ನಂಬುತ್ತಿದ್ದಳು, ನನಗೇ ಸಮಾಧಾನ ಹೇಳಿ ಕಳಿಸುತ್ತಿದ್ದಳು.

"ಹೇಸಿಗಿ ಬಂತು," ಎಂದೆ.