ಅಕ್ಕಿಕಾಳು ಬೀಳುವ ತನಕ

ಮದುವೆ ನಡೆಯುವ ಮಂಗಲ ಕಾರ್ಯಾಲಯದ ಬಯಲಿನಲ್ಲಿ ಗಾಳಿ ತುಂಬಿದ ನೀಲಿ ಹೊಂಡ ಕಂಡಿತೆಂದರೆ ನಾನು ಊಟಕ್ಕೆ ನಿಲ್ಲುವುದಿಲ್ಲ. ಆಯಾರದ ಉಡುಗೊರೆ ಕೊಟ್ಟು, ಮದುಮಕ್ಕಳ ಮೇಲೆ ನಾಲ್ಕು ಅಕ್ಕಿಕಾಳು ಹಾಕಿ, ಸಿಕ್ಕ ಬಸ್ಸು ಹತ್ತಿ ಬಂದುಬಿಡುತ್ತೇನೆ. ಇವಳಿಗೆ ಸೊಕ್ಕು ಅನ್ನುತ್ತಾರೆ ಜನ. ಅನ್ನಲಿ, ಬಾಯಿ ಅವರದು. ನನ್ನ ಅವ್ವ ಸತ್ತ ದಿನ ನಾನು ಅಂಥದೊಂದು ಹೊಂಡದಲ್ಲಿ ನಗುತ್ತ ಆಡುತ್ತಿದ್ದೆ. ಅದನ್ನು ಮದುವೆ ಮನೆಯಲ್ಲಿ ಯಾರಿಗೆ ಹೇಳಲಿ?

ಎರಡು ಸಾವಿರದ ಹತ್ತು ದಾಟಿದ ಮೇಲಿನ ವರ್ಷಗಳವು. ನಮ್ಮ ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆಯ ಮದುವೆಗಳಿಗೆ ಹೊಸ ಹುಚ್ಚು ಹಿಡಿದಿತ್ತು. ಮೊದಲಾದರೆ ಬ್ಯಾಂಡು, ಕುದುರೆ, ಬೂಂದಿ ಇಷ್ಟಿದ್ದರೆ ಮದುವೆ ಜೋರಾಯಿತು ಅನ್ನುತ್ತಿದ್ದೆವು. ಆಮೇಲೆ ಕೊಲ್ಹಾಪುರದ ಕಡೆಯಿಂದ ಟೆಂಪೋದಲ್ಲಿ ಗಾಳಿಯ ಆಟಗಳು ಬರತೊಡಗಿದವು. ದಪ್ಪ ಪ್ಲಾಸ್ಟಿಕ್ಕಿನ ಗಂಟು ಬಿಚ್ಚಿ ಮೋಟರು ಹಚ್ಚಿದರೆ ನೋಡನೋಡುತ್ತ ಹೊಂಡ ಎದ್ದು ನಿಲ್ಲುತ್ತಿತ್ತು, ಅದರ ಮಗ್ಗುಲಿಗೆ ಎರಡಾಳು ಎತ್ತರದ ಜಾರುಬಂಡಿ. ಟ್ಯಾಂಕರಿನಿಂದ ನೀರು ಬಿಟ್ಟು, ಮೇಲೆ ದೊಡ್ಡ ದೊಡ್ಡ ಚೆಂಡು ಬಿಡುತ್ತಿದ್ದರು. ಚೆಂಡಿನೊಳಗೆ ಮನುಷ್ಯ ಹೊಕ್ಕು ನಿಂತರೆ ಗಾಳಿ ತುಂಬಿ, ಚೈನು ಎಳೆದು, ನೀರಿನ ಮೇಲೆ ನೂಕುವುದು. ಒಳಗಿದ್ದವರು ನಡೆಯಲು ಹೋಗಿ ಬೀಳುವುದು, ಹೊರಗಿದ್ದವರು ನಗುವುದು. ಇಷ್ಟೇ ಆಟ.

ನಮ್ಮ ಕಾಕಾ ತನ್ನ ಮಗಳ ಮದುವೆಗೆ ಅದನ್ನು ತರಿಸಿದ್ದು ಷೋಕಿಗಲ್ಲ. ಆ ಹುಡುಗಿಗೆ ಮೊದಲೊಂದು ಸಂಬಂಧ ಗೊತ್ತಾಗಿತ್ತು. ಮದುವೆ ಇನ್ನೇನು ಒಂದು ವಾರ ಇದೆ ಅನ್ನುವಾಗ ನಮ್ಮ ಅಜ್ಜ ತೀರಿಕೊಂಡ. ಸೂತಕದಲ್ಲಿ ಮದುವೆ ನಿಂತಿತು. ನಿಂತದ್ದು ಮುಂದಕ್ಕೆ ಹೋಗಲಿಲ್ಲ, ಮುರಿದೇ ಹೋಯಿತು. ಹುಡುಗಿಯ ಕಾಲ್ಗುಣ ಸರಿ ಇಲ್ಲ ಎಂದು ಗಂಡಿನವರು ರಾಯಬಾಗದ ಸಂತೆಯಲ್ಲಿ ಆಡಿದ ಮಾತು ಏಕಸಂಬಿಯ ನಮ್ಮ ಓಣಿಗೆ ಬಂದು ಮುಟ್ಟಿತು. ಕಾಕಾ ಎರಡು ವರ್ಷ ತಲೆ ಎತ್ತಿ ನಡೆಯಲಿಲ್ಲ. ಈಗ ಅಥಣಿ ಕಡೆಯ ಸಂಬಂಧ ಕೂಡಿಬಂದಿತ್ತು. ಬಂದ ಮಂದಿ ಸುಮ್ಮನೆ ಕೂತರೆ ಹಳೆಯದನ್ನು ಕೆದಕುತ್ತಾರೆ ಎಂಬುದು ಅವನ ಭಯ. "ಮಂದಿ ಬಾಯಿ ಸುಮ್ಮನಿರಬೇಕಂದ್ರ ಕಣ್ಣಿಗಿ ಕೆಲಸ ಕೊಡಬೇಕವಾ," ಅಂದಿದ್ದ ನನ್ನ ಮುಂದೆ. ಹಾಲಿಗೆ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ನನ್ನ ಕಾಕಾ ಆಗ ಹಾಗಿದ್ದ.

ಅಪ್ಪ ನಾನು ಸಣ್ಣವಳಿದ್ದಾಗಲೇ ಹೋಗಿದ್ದ. ಅವ್ವ ಆ ಮನೆಗೆ ಹಿರಿಯ ಸೊಸೆಯಾಗಿ ಬಂದಾಗ ಕಾಕಾ ಇನ್ನೂ ಒಂದನೇ ಇಯತ್ತೆಯ ಹುಡುಗ. ಅವನ ಮೂಗು ಒರೆಸಿ, ಪಾಟಿ ಚೀಲ ಹೆಗಲಿಗೆ ಹಾಕಿ ಸಾಲಿಗೆ ಕಳಿಸಿದವಳು ಅವಳೇ. ದೊಡ್ಡವನಾದ ಮೇಲೂ ಅವನು ಯಾವ ಕೆಲಸಕ್ಕೆ ಹೊರಟರೂ ಮೊದಲು ಅತ್ತಿಗೆಯ ಕಾಲು ಮುಟ್ಟುತ್ತಿದ್ದ, ಅವಳನ್ನು ವೈನಿ ಅನ್ನುತ್ತಿದ್ದ. ಆ ವೈನಿ ಈಗ ಉಸಿರಿನ ತ್ರಾಸಿನಿಂದ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ನಾನು ಮನೆಯಲ್ಲೇ ಮಿಷನ್ನಿನ ಮೇಲೆ ಜಂಪರು ಹೊಲಿಯುತ್ತ ಅವಳನ್ನು ನೋಡಿಕೊಳ್ಳುತ್ತಿದ್ದೆ. ರೋಗಿಯ ಜೊತೆ ಇರುವವರ ಮುಖವೂ ರೋಗಿಯದೇ ಆಗಿಬಿಡುತ್ತದೆ. ನನ್ನದು ಆಗಿತ್ತು.

ಮದುವೆಯ ದಿನ ಬೆಳಿಗ್ಗೆ ಅವ್ವ ನನ್ನನ್ನು ದಬ್ಬಿಯೇ ಕಳಿಸಿದಳು. ಪಕ್ಕದ ಮನೆಯ ಮುದುಕಿ ಬಂದು ಅವಳ ಮಗ್ಗುಲಿಗೆ ಕೂತಿದ್ದಳು. ಓಣಿಯವರೆಲ್ಲ ಆ ಮುದುಕಿಯನ್ನು ಆಯಿ ಅನ್ನುತ್ತಿದ್ದೆವು. "ನಾ ಅದೀನಲ್ಲ, ಹೋಗ," ಅಂದಳು ಆಯಿ. ಅವ್ವನಿಗೆ ಗಂಜಿ ಕುಡಿಸಿ, ಮಧ್ಯಾಹ್ನ ಒಮ್ಮೆ ಬಂದು ಹೋಗುತ್ತೇನೆ ಎಂದು ಹೇಳಿ ಹೊರಟೆ. ಕಾರ್ಯಾಲಯ ಇದ್ದದ್ದು ಚಿಕ್ಕೋಡಿಯ ಹೊರಗೆ. ಗಾಡಿಯ ಮೇಲೆ ಅರ್ಧ ತಾಸಿನ ಹಾದಿಯೂ ಅಲ್ಲ.

ಮೇ ತಿಂಗಳ ಬಿಸಿಲು. ಹುಡುಗರು ಹೊಂಡದ ಹತ್ತಿರ ಗಲಾಟೆ ಎಬ್ಬಿಸಿದ್ದರು. ಕಾಕಾನ ಹೆಂಡತಿ, ನಮ್ಮ ಕಾಕು, ನನ್ನ ಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋದಳು. "ಹುಡುಗರ ಮ್ಯಾಲ ಲಕ್ಷ್ಯ ಇಡವಾ. ನೀನೂ ಒಂದ ದಿನರ ನಕ್ಕೋತ ಇರು. ಫೋನ್ ಇಲ್ಲಿ ಕೊಡು, ನೀರಾಗ ಬಿದ್ದೀತು," ಎಂದು ನನ್ನ ಫೋನನ್ನು ತನ್ನ ಪರ್ಸಿನಲ್ಲಿ ಹಾಕಿಕೊಂಡಳು. ಅದರಲ್ಲಿ ಕಪಟ ಏನೂ ಇರಲಿಲ್ಲ. ಇಷ್ಟು ವರ್ಷದಲ್ಲಿ ನಾನು ಎಲ್ಲರ ಮೇಲೂ ಸಂಶಯಪಟ್ಟಿದ್ದೇನೆ, ಕಾಕುವಿನ ಮೇಲೆ ಮಾತ್ರ ಪಡಲಾಗಲಿಲ್ಲ. ಒಳಗೆ ಲೌಡ್‌ಸ್ಪೀಕರು, ಹೊರಗೆ ಬ್ಯಾಂಡು, ನನ್ನ ಬದಿಯಲ್ಲಿ ಗಾಳಿಯ ಮೋಟರು. ಆ ಮೋಟರು ನಿಲ್ಲಿಸಿದರೆ ಹೊಂಡವೇ ಕುಸಿಯುತ್ತದೆ, ಹಾಗಾಗಿ ಅದು ಇಡೀ ದಿನ ಹೊಯ್ಕೊಳ್ಳುತ್ತಲೇ ಇರುತ್ತದೆ. ಪರ್ಸಿನೊಳಗೆ ಫೋನು ಹೊಡೆದುಕೊಂಡದ್ದು ಯಾರಿಗೂ ಕೇಳಿಸಲಿಲ್ಲ.

ಹುಡುಗರು ನನ್ನನ್ನು ಜಾರುಬಂಡಿಗೆ ಹತ್ತಿಸಿದರು. ಚೂಡಿದಾರ ಪೂರ್ತಿ ತೊಯ್ದು ಮೈಗಂಟಿತು. ಮೊದಲು ನಾಚಿಕೆಯಾಯಿತು, ಆಮೇಲೆ ನಾಚಿಕೆ ಬಿಟ್ಟೆ. ಯಾರೋ ನನ್ನನ್ನು ಚೆಂಡಿನೊಳಗೆ ಹೊಗಿಸಿ ಚೈನು ಎಳೆದರು. ಎರಡು ಹೆಜ್ಜೆ ಇಟ್ಟೆ, ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಎರಡು ವರ್ಷದಿಂದ ನಾನು ಹಾಗೆ ನಕ್ಕಿರಲಿಲ್ಲ. ಹೊರಗಿನ ಯಾವ ಸದ್ದೂ ಒಳಗೆ ಬರುತ್ತಿರಲಿಲ್ಲ, ನನ್ನ ನಗು ಮಾತ್ರ ನನಗೆ ಕೇಳಿಸುತ್ತಿತ್ತು. ಆ ಸುಖ ಖರೇವಾದದ್ದು, ಈಗ ಅದನ್ನು ಅಲ್ಲ ಅನ್ನಲಾರೆ. ಅದೇ ನನ್ನನ್ನು ಹೆಚ್ಚು ಸುಡುತ್ತದೆ.

ಆಗ ಗೇಟಿನ ಹೊರಗೆ ಆಯಿಯ ಮಗ ನಿಂತದ್ದು ಕಂಡಿತು. ಅವನು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರು. ಹಂಗಾಮು ಮುಗಿದು ಮಷಿನುಗಳನ್ನು ಬಿಚ್ಚಿ ದುರಸ್ತಿ ಮಾಡುವ ದಿನಗಳು. ಅಂಗಿ ಪ್ಯಾಂಟಿನ ತುಂಬ ಗ್ರೀಸು. ಗಾಡಿಯನ್ನು ಬೇಲಿಗೆ ಹಚ್ಚಿ, ಚಪ್ಪಲಿಯಲ್ಲೇ, ಒಳಗೆ ಬಾರದೆ ನಿಂತಿದ್ದ. ಕಾಕಾ ಅವನನ್ನು ನೋಡಿ ಅವಸರದಿಂದ ಹೋದ. ಸ್ವಾಗತಕ್ಕೆ ನಿಂತ ಹುಡುಗಿ ನೀರಿನ ಲೋಟ ಹಿಡಿದಳು, ಅವನು ಒಲ್ಲೆ ಎಂದು ಕೈ ಆಡಿಸಿದ. ಕಾಕಾ ಅವನಿಗೆ ಎರಡೂ ಕೈ ಎತ್ತಿ ಮುಗಿದ. ಆಹಾ, ಕಾಕಾ ಇವತ್ತು ಫಿಟ್ಟರಿಗೂ ಬೀಗರ ಮರ್ಯಾದೆ ಕೊಡುತ್ತಿದ್ದಾನೆ ಎಂದುಕೊಂಡೆ. ನಾನು ಚೆಂಡಿನೊಳಗಿಂದ ಆಯಿಯ ಮಗನಿಗೆ ಕೈ ಬೀಸಿದೆ. ಅವನು ನನ್ನನ್ನು ನೋಡಿದ. ಕೈ ಅರ್ಧ ಎತ್ತಿ ಇಳಿಸಿದ. ಗಾಡಿ ತಿರುಗಿಸಿ ಹೋದ.

ಗೇಟಿನಲ್ಲಿ ಆದದ್ದು ನನಗೆ ಆಮೇಲೆ ತಿಳಿಯಿತು. ನಮ್ಮ ಕಡೆ ಸಾವಿನ ಸುದ್ದಿ ತಂದವನು ಹೊಸಲು ದಾಟುವುದಿಲ್ಲ, ಚಪ್ಪಲಿ ಕಳೆಯುವುದಿಲ್ಲ, ನೀರು ಮುಟ್ಟುವುದಿಲ್ಲ. ಹೊರಗೆ ನಿಂತು ಹೇಳಿ ಹೊರಟುಹೋಗುತ್ತಾನೆ. ಕಾಕಾ ಅವನ ನಿಲುವು ನೋಡಿಯೇ ವೈನಿ ಹೋದಳು ಎಂದು ತಿಳಿದುಬಿಟ್ಟ. ಇನ್ನೊಂದು ಮಾತೂ ನಮ್ಮಲ್ಲಿದೆ. ಸುದ್ದಿ ಕಿವಿಗೆ ಬಿದ್ದ ಮೇಲೆ ಸೂತಕ, ಬೀಳುವ ತನಕ ಇಲ್ಲ. ಅದಕ್ಕೇ ಅವನು ಆಯಿಯ ಮಗನ ಬಾಯಿ ತೆರೆಯಗೊಡಲಿಲ್ಲ.

"ಏನೂ ಹೇಳಬ್ಯಾಡೋ ತಮ್ಮಾ, ನನಗ ತಿಳೀತು. ಅಕ್ಕಿಕಾಳ ಬೀಳೂ ತನಕ ಒಂದ ಮಾತೂ ಆಡಬ್ಯಾಡ. ನಿನ್ನ ಕಾಲ ಬೀಳ್ತೀನಿ. ಎಲ್ಲಾ ಮುಗದ ಕೂಡ್ಲೇ ಆಕಿನ್ನ ನಾನ ಕರಕೊಂಡ ಬರ್ತೀನಿ."

ಆದರೆ ಅವನು ಸಾವಿನ ಸುದ್ದಿ ತಂದಿರಲಿಲ್ಲ. ಗ್ರೀಸಿನ ಬಟ್ಟೆಯಲ್ಲಿ ಮದುವೆ ಮನೆಯೊಳಗೆ ಹೇಗೆ ಹೋಗುವುದು ಎಂದು ಸಂಕೋಚಪಟ್ಟು ಹೊರಗೆ ನಿಂತಿದ್ದ. ಅವಸರಕ್ಕೆ ನೀರು ಒಲ್ಲೆ ಅಂದಿದ್ದ. ಅವ್ವನಿಗೆ ಉಸಿರು ಜೋರಾಗಿ ಎಳೆಯತೊಡಗಿತ್ತು. ಮಗಳನ್ನು ಕರೆಸು, ಒಮ್ಮೆ ನೋಡುತ್ತೇನೆ ಎಂದು ಆಯಿಗೆ ಹೇಳಿದ್ದಳು. ಆಯಿ ಫೋನು ಮಾಡಿ ಮಾಡಿ ಸಾಕಾಗಿ, ಕೆಲಸದ ಮೇಲಿದ್ದ ಮಗನನ್ನು ಓಡಿಸಿದ್ದಳು. ಕಾಕಾ ತಿಳೀತು ಅಂದದ್ದಕ್ಕೆ, ಫೋನು ಮುಟ್ಟಿರಬೇಕು, ಎಲ್ಲ ಗೊತ್ತಿದ್ದೇ ಹೀಗೆ ಹೇಳುತ್ತಿದ್ದಾರೆ ಎಂದುಕೊಂಡ ಆಯಿಯ ಮಗ. "ಲಗೂನ ಬರ್ರಿ," ಎಂದಷ್ಟೇ ಹೇಳಿ ಹೊರಟ. ಬೇಗ ಬನ್ನಿ ಎಂದು ಸತ್ತ ಮನೆಗೂ ಕರೆಯುತ್ತಾರೆ.

ಅಕ್ಕಿಕಾಳು ಬಿದ್ದವು. ನಾನು ಒದ್ದೆ ಬಟ್ಟೆಯಲ್ಲೇ ಹಿಂದೆ ನಿಂತು ಹಾಕಿದೆ. ಆಮೇಲೆ ಕಾಕಾನ ಹತ್ತಿರ ಹೋಗಿ, "ಕಾಕಾ, ಅವ್ವಗ ಗಂಜಿ ಕುಡಸಿ ಬರ್ತೀನಿ. ಯಾರರ ಗಾಡಿ ಮ್ಯಾಲ ಬಿಡ್ರಿ ಅನ್ನು," ಅಂದೆ. ಅವನು ನನ್ನ ಮುಖ ನೋಡಲಿಲ್ಲ. ನನ್ನ ತಲೆಯ ಮೇಲೆ ಕೈ ಇಟ್ಟ.

"ಆಯಿ ಅದಾಳಲ್ಲ ಅಲ್ಲಿ. ಹುಡುಗಿನ್ನ ಕಳಿಸಿದ ಮ್ಯಾಲ ಕೂಡೇ ಹೋಗೂನು. ಹೋಗ ಮಗಳ, ಆಡ ಹೋಗ."

ನಾನು ಹೋಗಿ ಮತ್ತೆ ಆಡಿದೆ. ಪಂಗತಿಯ ಮೇಲೆ ಪಂಗತಿ ಎದ್ದಿತು. ಊಟ ಮಾಡಿದ ಬೀಗರು ಎಲೆ ಅಡಿಕೆ ಹಾಕಿಕೊಂಡು ಹೊಂಡದ ಸುತ್ತ ಬಂದು ನಿಂತರು. ಕಾಕಾ ಎಣಿಸಿದ ಹಾಗೆಯೇ ಆಯಿತು, ಯಾರೂ ಹಳೆಯ ಸಂಬಂಧದ ಮಾತು ತೆಗೆಯಲಿಲ್ಲ. ಬಿದ್ದು ಏಳುವವರನ್ನು ನೋಡಿ ನಗುವುದರಲ್ಲೇ ಇದ್ದರು. ಬಿದ್ದು ಏಳುತ್ತಿದ್ದವಳು ಹೆಚ್ಚಾಗಿ ನಾನೇ.

ಮದುಮಗಳನ್ನು ಕಳಿಸಿಕೊಡುವಾಗ ಕಾಕಾ ಅತ್ತ ಅಳು ನೋಡಿ ಅಥಣಿಯ ಬೀಗರೂ ಕಣ್ಣು ಒರೆಸಿಕೊಂಡರು. ಇಂಥ ಅಪ್ಪ ಯಾರಿಗೆ ಸಿಗಬೇಕು ಅಂದಳು ಒಬ್ಬಳು. ಅವರ ಗಾಡಿಗಳು ಮರೆಯಾದವೋ ಇಲ್ಲವೋ, ನನ್ನನ್ನು ಕ್ರೂಸರ್ ಗಾಡಿಯಲ್ಲಿ ಕೂಡಿಸಿ ಏಕಸಂಬಿಯ ಕಡೆ ಹೊರಟ. ಊರು ಕಾಣುವ ಮೊದಲು ಗಾಡಿ ನಿಲ್ಲಿಸಲು ಹೇಳಿದ.

"ವೈನಿ ಹೋಗ್ಯಾಳವಾ. ಮುಂಜಾನೆನ ಹೋಗ್ಯಾಳ. ನಾ ನಿನಗ ಹೇಳಲಿಲ್ಲ. ಬೇಕಾದ್ರ ಚಪ್ಪಲಿ ತಗೊಂಡ ಹೊಡಿ ನನಗ."

ನಾನು ಹೊಡೆಯಲಿಲ್ಲ, ಅಳಲೂ ಇಲ್ಲ. ಮುಂಜಾನೆಯಿಂದ ಏನೇನು ಮಾಡಿದೆ ಎಂದು ಒಂದೊಂದೇ ನೆನಪಿಗೆ ಬರತೊಡಗಿತು. ಜಾರುಬಂಡಿ. ಜಿಲೇಬಿ ಎರಡನೇ ಸಲ ಕೇಳಿ ಹಾಕಿಸಿಕೊಂಡದ್ದು. ಅಷ್ಟೊತ್ತಿಗೆ ಅವ್ವ ತಣ್ಣಗಾಗಿ ಮಲಗಿದ್ದಳು ಎಂದುಕೊಂಡೆ. ಕಾಕಾನ ಮೇಲೆ ಬಂದ ಅಸಹ್ಯಕ್ಕೆ ಸೀಟಿನ ಈ ತುದಿಗೆ ಸರಿದು ಕೂತೆ.

ಮನೆಯೊಳಗೆ ಆಯಿ ಅವ್ವನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದಳು. ನಮ್ಮಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂಡಿಸುತ್ತಾರೆ; ಇನ್ನೂ ಕೂಡಿಸಿರಲಿಲ್ಲ, ಓಣಿಯವರೂ ಸೇರಿರಲಿಲ್ಲ. ನಾನು ಅವ್ವನ ಕೆನ್ನೆ ಮುಟ್ಟಿದೆ. ನೀರಿನಲ್ಲಿದ್ದು ನನ್ನ ಕೈ ತಣ್ಣಗಿತ್ತು. ಕೆನ್ನೆ ಬೆಚ್ಚಗಿತ್ತು.

"ಈಗ ಹೋದ್ಲ ನೋಡ ಮಗಾ," ಅಂದಳು ಆಯಿ. "ಹೋಗಿ ಹತ್ತ ನಿಮಿಷ ಆಗಿರಬೇಕು. ಬಾಕಲಾ ತಗದ ಇಡು, ಆಕಿ ಬಂದ್ರ ಕಾಣಬೇಕು ಅಂತಿದ್ಲು. ಇಷ್ಟೊತ್ತನಕ ಜೀವ ಹಿಡದಿದ್ಲು. ಕರ್ಯಾಕ ಕಳಿಸಿ ಎಷ್ಟೊತ್ತಾತು, ಯಾಕ ತಡಾ ಮಾಡಿದ್ರಿ?"

ಕಾಕಾ ಬಾಗಿಲಲ್ಲಿ ನಿಂತಿದ್ದ. ಆಯಿಯ ಮಾತು ಅವನ ಕಿವಿಗೆ ಬಿದ್ದದ್ದು ನನಗೆ ಕಂಡಿತು. ಒಳಗೆ ಬಂದು, ಎಂದಿನ ಹಾಗೆ ಬಗ್ಗಿ ವೈನಿಯ ಪಾದ ಮುಟ್ಟಿದ. ಮುಟ್ಟಿದವನು ಕೈ ಎಳೆದುಕೊಂಡ. ಮತ್ತೆ ಮುಟ್ಟಿದ. ಆಮೇಲೆ ಪಾದ ಹಿಡಿದುಕೊಂಡವನು ಬಿಡಲೇ ಇಲ್ಲ, ನಾಲ್ಕು ಮಂದಿ ಸೇರಿ ಬಿಡಿಸಬೇಕಾಯಿತು.

ಊರಿನವರು ಈಗಲೂ ಅವನನ್ನು ಹೊಗಳುತ್ತಾರೆ. ಎದೆಯ ಮೇಲೆ ಕಲ್ಲು ಇಟ್ಟುಕೊಂಡು ಮಗಳ ಮದುವೆ ಮಾಡಿದ, ಗಂಡಸು ಅಂದರೆ ಹಾಗಿರಬೇಕು ಎಂದು ನನ್ನ ಎದುರಿಗೇ ಹೇಳಿದವರಿದ್ದಾರೆ. ನಾನು ಎದ್ದು ಹೋಗುತ್ತೇನೆ. ತಂಗಿ ಅಥಣಿಯಲ್ಲಿ ಸುಖವಾಗಿದ್ದಾಳೆ, ಮಕ್ಕಳಾಗಿವೆ. ಅವಳ ಮೇಲೆ ನನಗೆ ಕೋಪವಿಲ್ಲ. ಅವಳಿಗೆ ಯಾರೂ ಪೂರ್ತಿ ಹೇಳಿಲ್ಲ, ನಾನೂ ಹೇಳಿಲ್ಲ.

ಅವ್ವನ ದಿವಸದ ಕಾರ್ಯ ಮುಗಿದು ನೆಂಟರು ಹೋದ ಮೇಲೆ ಒಂದು ಸಂಜೆ ಕಾಕಾ ನಮ್ಮ ಕಟ್ಟೆಗೆ ಬಂದು ಕೂತ. ಚಹಾ ಕೊಟ್ಟೆ, ಕುಡಿಯಲಿಲ್ಲ. ಬಟ್ಟಲು ಬದಿಗಿಟ್ಟು ಅಂದ.

"ಮಗಳ, ಅಂವಾ ಹೇಳೂದು ನಾ ಕೇಳಿದ್ರ ಮದ್ವಿನೂ ನಿಲ್ತಿದ್ದಿಲ್ಲ ನೋಡು. ಜೀವ ಇದ್ದಾಗ ಎಲ್ಲೀ ಸೂತಕ? ನಿನ್ನ ಅವನ ಗಾಡಿ ಮ್ಯಾಲ ಕೂಡಿಸಿ ಕಳಸ್ತಿದ್ದೆ. ಇಲ್ಲಿ ಮದ್ವಿ ಆಗ್ತಿತ್ತು, ಅಲ್ಲಿ ವೈನಿ ಹಂತ್ಯಾಕ ನೀ ಇರ್ತಿದ್ದಿ."

ಹೋಗಲಿ ಬಿಡು ಕಾಕಾ, ಹಣೆಬರಹ, ಎಂದು ನಾನು ಅಂದೇನೋ ಎಂದು ಅವನು ನನ್ನ ಮುಖ ನೋಡುತ್ತ ಕೂತ. ನನಗೆ ಅವನ ಮೇಲೆ ಮರುಕ ಬಂದಿತ್ತು. ಸುಳ್ಳು ಹೇಳುವಷ್ಟು ಬಂದಿರಲಿಲ್ಲ.

"ಹೌದ ಕಾಕಾ," ಅಂದೆ. "ಇರ್ತಿದ್ದೆ."