ಗುಡ್ಡದಕ್ಕನಿಗೆ ಬಿಲ್ಲೆ ಇರಲಿಲ್ಲ

ಊರೆಲ್ಲ ಗುಡ್ಡದಕ್ಕ ಎಂದೇ ಕರೆಯುತ್ತಿದ್ದ ಈಕೆಗೆ ತೀರಿಕೊಂಡಾಗ ಐವತ್ತೆಂಟು ವರ್ಷ. ಗಂಡ ಗುಡ್ಡದ ಬುಡದ ಗೇಟಿಗೆ ಕಾವಲುಗಾರ. ಒಬ್ಬಳೇ ಮಗಳು, ಎರಡು ಬೀದಿ ಆಚೆ, ಅಳಿಯನ ಮನೆಯಲ್ಲಿ.

ಗುಡ್ಡವೇನೂ ದೊಡ್ಡದಲ್ಲ. ಮುನ್ನೂರ ಹನ್ನೆರಡು ಮೆಟ್ಟಿಲು, ನೆತ್ತಿಯಲ್ಲಿ ನಾಲ್ಕು ಕಲ್ಲುಬೆಂಚು. ಆದರೂ ವಿಳಾಸ ಹೇಳುವವರೆಲ್ಲ 'ಗುಡ್ಡ ಎಡಕ್ಕೆ ಬಿಟ್ಟು ಬನ್ನಿ' ಎಂದೇ ಆರಂಭಿಸುತ್ತಿದ್ದರು. ರಜೆ ಬಂದರೆ ಮಕ್ಕಳುಮರಿ ಕಟ್ಟಿಕೊಂಡು ಅದನ್ನೇ ಹತ್ತುತ್ತಿದ್ದರು. ಅವರು ಎಸೆದುಹೋದ ಕಾಗದ, ಹಣ್ಣಿನ ಸಿಪ್ಪೆಗಳನ್ನು ಗುಡಿಸುವುದು ಇಪ್ಪತ್ತೆರಡು ವರ್ಷ ಈಕೆಯ ಕೆಲಸವಾಗಿತ್ತು.

ಹತ್ತುವವರಿಗೆ ಗಂಡ ಒಂದೊಂದು ಹಿತ್ತಾಳೆಯ ಬಿಲ್ಲೆ ಕೊಡುತ್ತಿದ್ದ, ಇಳಿದವರು ಹಿಂತಿರುಗಿಸಬೇಕು. ಹಲಗೆಯ ನೂರು ಮೊಳೆಗಳಲ್ಲೂ ಬಿಲ್ಲೆ ನೇತಾಡಿದರೆ ಮೇಲೆ ಯಾರೂ ಇಲ್ಲವೆಂದರ್ಥ. ಆಗ ಬೀಗ. ಗುಡಿಸುವವಳು ಈ ಲೆಕ್ಕಕ್ಕೆ ಸೇರಿರಲಿಲ್ಲ. ಲೆಕ್ಕ ಒಮ್ಮೆಯೂ ತಪ್ಪಿಲ್ಲವೆಂದು ಆತನಿಗೆ ಬಹಳ ಜಂಬ.

ಹೋದ ವರ್ಷ ಈಕೆಯ ಮೊಣಕಾಲು ಕೈಕೊಟ್ಟಿತು. ಹಿಂಬದಿಯ ಬಂಡೆಗಳ ನಡುವೆ ಇಳಿದು ಗುಡಿಸುವಾಗ ಜಾರಿಬಿದ್ದರೆ ಯಾರಿಗೂ ತಿಳಿಯದೆಂಬ ಭಯ ಹತ್ತಿತು.

"ನನಗೂ ಒಂದು ಬಿಲ್ಲೆ ಕೊಡಿ."

"ಯಾಕೆ, ಕೊರಳಿಗೆ ಹಾಕ್ಕೋತೀಯಾ?"

"ತಮಾಷೆ ಬೇಡ. ನಾನಿನ್ನೂ ಇಳಿದಿಲ್ಲ ಅಂತ ನಿಮಗೆ ಗೊತ್ತಾಗ್ಬೇಕಲ್ಲ."

"ಕಟ್ಕೊಂಡ ಹೆಂಡ್ತಿ ಎಲ್ಲಿದ್ದಾಳೆ ಅಂತ ತಿಳಿಯೋಕೆ ಬಿಲ್ಲೆ ಬೇಕೇನೇ? ನಿನ್ನ ಪೊರಕೆಗೂ ಒಂದು ಕೊಡ್ಲಾ?"

ಗೇಟಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ಆಕೆ ಇನ್ನೆರಡು ಬಾರಿ ಕೇಳಿದಳು. ಕಡೆಯ ಸಲ ಆತ ತಲೆಯನ್ನೇ ಎತ್ತಲಿಲ್ಲ.

ಮಳೆಗಾಲ ಮುಗಿದ ಮೊದಲ ಭಾನುವಾರ ಜನ ಕಿಕ್ಕಿರಿದಿದ್ದರು. ಸಂಜೆ ಆರಕ್ಕೆ ಹಲಗೆ ತುಂಬಿತು. ಆತ ಗೇಟು ಎಳೆದು ಬೀಗ ಜಡಿದ. ಮನೆಯಲ್ಲಿ ಹೆಂಡತಿ ಕಾಣದಿದ್ದಾಗ ಮಗಳ ಮನೆಗೆ ಹೋಗಿರಬೇಕೆಂದು ತಾನೇ ಬಡಿಸಿಕೊಂಡು ಉಂಡ.

ಬೆಳಗಿನ ವಾಕಿಂಗ್‌ನವರು ಆಕೆಯನ್ನು ಬಂಡೆಗಳ ಸಂದಿಯಲ್ಲಿ ಕಂಡರು. ಸೊಂಟ ಮುರಿದಿತ್ತು, ಉಸಿರಿತ್ತು. ಆಸ್ಪತ್ರೆಯ ಮಂಚದ ಪಕ್ಕ ನಿಂತು ಗಂಡ ಕೇಳಿದ್ದು ಇಷ್ಟೇ:

"ಕೂಗೋಕೇನಾಗಿತ್ತು ನಿನಗೆ?"

"ಕೂಗಿದೆ. ನೀವು ಗೇಟು ಎಳೆದದ್ದು ನನಗೆ ಕೇಳಿಸ್ತು."

ಮೂರನೆಯ ದಿನ ಹೋದಳು. ವಿಚಾರಣೆಗೆ ಬಂದ ಅಧಿಕಾರಿಗೆ ಆತ ಹಲಗೆ ತೋರಿಸಿದ. "ನೋಡಿ ಸಾರ್, ನೂರಕ್ಕೆ ನೂರು." ಅಧಿಕಾರಿ ಬೆರಳಿಟ್ಟು ಎಣಿಸಿ, ಕಾವಲುಗಾರನ ಕರ್ತವ್ಯದಲ್ಲಿ ಲೋಪವಿಲ್ಲವೆಂದು ಬರೆದುಕೊಂಡ.

ಆಕೆ ಬಿಟ್ಟುಹೋದದ್ದು: ನಾಲ್ಕು ನೂಲಿನ ಸೀರೆ, ಕೀಲು ಸಡಿಲವಾದ ತಗಡಿನ ಪೆಟ್ಟಿಗೆ, ತಳದಲ್ಲಿ ಒಂದಿಷ್ಟು ಉಳಿದ ನೋವಿನೆಣ್ಣೆಯ ಸೀಸೆ, ಅಪ್ಪನ ಮುಖಕ್ಕೆ ಬಾಗಿಲು ಹಾಕಿಕೊಂಡ ಮಗಳು, ಮತ್ತು ಖಾಲಿ ಬಿದ್ದ ಒಂದು ಕೆಲಸ. ಅದಕ್ಕೆ ಆ ವಾರವೇ ಹನ್ನೊಂದು ಅರ್ಜಿಗಳು ಬಂದವು.