ಏಳು ಒಂದುಗಳ ಸಂಖ್ಯೆ

ಒಂದನ್ನು ಏಳು ಸಲ ಪಕ್ಕಪಕ್ಕ ಬರೆದರೆ ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರ ಹನ್ನೊಂದು. ಆ ಸಂಖ್ಯೆ ನೆನಪಾದರೆ ಇವತ್ತಿಗೂ ನನ್ನ ಬಾಯಿ ಕಹಿಯಾಗುತ್ತದೆ.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ನಾನು ಸೋಮವಾರಪೇಟೆಗೆ ನಡೆದು ಹೈಸ್ಕೂಲಿಗೆ ಹೋಗುತ್ತಿದ್ದೆ. ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕನ ಓದನ್ನು ಮಿಡ್ಲ್ ಸ್ಕೂಲಿಗೇ ನಿಲ್ಲಿಸಿದ್ದರು. ಒಂದು ದಿನ ಲೆಕ್ಕದ ಮೇಷ್ಟ್ರು ಈ ಸಂಖ್ಯೆ ಕೊಟ್ಟು, ಶೇಷ ಉಳಿಯದಂತೆ ಇದನ್ನು ಭಾಗಿಸುವ ಸಂಖ್ಯೆ, ಒಂದು ಮತ್ತು ಇದೇ ಸಂಖ್ಯೆಯನ್ನು ಬಿಟ್ಟು, ಬೇರೆ ಇದೆಯೇ ಹುಡುಕಿ ಎಂದರು. ಆರು ಒಂದುಗಳಾಗಿದ್ದರೆ ಮೂರು, ಏಳು, ಹನ್ನೊಂದು ಎಲ್ಲವೂ ಹೋಗುತ್ತವೆ. ಇನ್ನೊಂದು ಒಂದು ಸೇರಿಸಿದ್ದೇ ತಡ, ಅವುಗಳಲ್ಲಿ ಯಾವುದೂ ಹೋಗುವುದಿಲ್ಲ. ಹುಡುಗರೆಲ್ಲ ಕೈಬಿಟ್ಟೆವು.

ಮನೆಯಲ್ಲಿ ಹೇಳಿದಾಗ ಅಕ್ಕ ಬಿಡಲಿಲ್ಲ. ಅಪ್ಪ ನಕ್ಕು, “ಬಿಡ್ಸವ್ವ ನೋಡನ. ಬಿಡ್ಸಿದ್ರೆ ನಿನ್ನೂ ಹೈಸ್ಕೂಲಿಗೆ ಹಾಕ್ತೀನಿ” ಎಂದರು. ತಮಾಷೆಗೇ ಅಂದದ್ದು. ಆದರೆ ಮನೆಗೆ ಬಂದಿದ್ದ ನೆಂಟರ ಎದುರು ಆಡಿದ ಮಾತು, ಅಪ್ಪ ಹಿಂದೆಗೆಯುತ್ತಿರಲಿಲ್ಲ.

ಒಣಹಾಕಿದ ಕಾಫಿ ಕಾಯುವುದು ಅಕ್ಕನ ಕೆಲಸ. ಕಣದ ಒಂದು ಮೂಲೆಯಲ್ಲಿ ಕೂತು, ಸಗಣಿ ಸಾರಿಸಿದ ನೆಲದ ಮೇಲೆ ಇದ್ದಿಲಿನಿಂದ ಭಾಗಿಸುತ್ತಿದ್ದಳು. ಅವ್ವ ಸಾರಿಸಲು ಬಂದರೆ, “ಆ ಮೂಲೆ ಮುಟ್ಬ್ಯಾಡ ಕಣವ್ವಾ” ಎಂದು ಅಡ್ಡ ನಿಲ್ಲುತ್ತಿದ್ದಳು.

“ಮೂರು ಹೋಗ್ದಿದ್ಮೇಲೆ ಒಂಬತ್ತೂ ಹೋಗಲ್ಲ, ಹದಿನೈದೂ ಹೋಗಲ್ಲ. ಅಂಥವನ್ನೆಲ್ಲ ಬಿಟ್ಟು ಸಾವಿರದ ಐವತ್ನಾಲ್ಕರ ತನಕ ನೋಡಿದ್ರೆ ಸಾಕು, ಅದಕ್ಕಿಂತ ದೊಡ್ಡದು ಹೋಗೋದಾದ್ರೆ ಅದರ ಜೋಡಿ ಇದ್ರೊಳಗೇ ಸಿಕ್ಕಿರ್ತದೆ” ಎಂದಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇವಳು ಬಂದು ನನ್ನ ಕ್ಲಾಸಿನಲ್ಲೇ ಕೂತರೆ ನನ್ನ ಗತಿ?

ಕೊನೆಗೆ ಮೇಷ್ಟ್ರು ಉತ್ತರವನ್ನು ಬೋರ್ಡಿನ ಮೇಲೆ ಬರೆದರು. ಇನ್ನೂರ ಮೂವತ್ತೊಂಬತ್ತರಿಂದ ಹೋಗುತ್ತದೆ. ಸಂಜೆ ಮನೆಗೆ ಬಂದರೆ ಅಕ್ಕ ಕಣದಲ್ಲೇ ಇದ್ದಳು, ಕೈಯೆಲ್ಲ ಮಸಿ.

“ಇನ್ನೂರ ಮೂವತ್ಮೂರೂ ಹೋಗ್ಲಿಲ್ಲ ಕಣೋ. ಮೇಷ್ಟ್ರು ಏನಾರ ಅಂದ್ರಾ?”

ಅವಳ ಲೆಕ್ಕದಲ್ಲಿ ಮುಂದಿನದೇ ಇನ್ನೂರ ಮೂವತ್ತೊಂಬತ್ತು.

“ಯಾವ್ದೂ ಹೋಗಲ್ವಂತೆ. ಮೇಷ್ಟ್ರೇ ಹೇಳಿದ್ರು” ಎಂದೆ.

ಮರುದಿನ ಬೆಳಿಗ್ಗೆ ಅಕ್ಕ ಆ ಮೂಲೆಯನ್ನು ತಾನೇ ಸಾರಿಸಿದಳು. ಆ ವರ್ಷದ ಕಾಫಿ ಮಾರಿ ಅಪ್ಪ ಅವಳ ಮದುವೆ ಮಾಡಿದರು. ನಾನು ಹೈಸ್ಕೂಲು ಮುಗಿಸಿದೆ, ಅಷ್ಟೇ. ಆ ಓದಿನಿಂದ ಏನನ್ನೂ ಸಾಧಿಸಲಿಲ್ಲ.

ಹೋದ ವರ್ಷ ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಮಂಜಾದ ಕಣ್ಣುಗಳಿಂದ ನನ್ನತ್ತ ನೋಡಿದಳು.

“ಭಾಗಿಸಿದ್ರೆ ಎಷ್ಟು ಬರ್ತದೆ?”

“ನಾಲ್ಕು ಸಾವಿರದ ಆರ್ನೂರ ನಲವತ್ತೊಂಬತ್ತು.”

ಬೆರಳಿನಿಂದ ಸೀರೆಯ ಮೇಲೆ ಗೀಚುತ್ತ ಗುಣಿಸಿದಳು. ಬಹಳ ಹೊತ್ತು ಹಿಡಿಯಿತು.

“ಸರಿಯಾಗ್ಯದೆ” ಎಂದಳು. ಆಮೇಲೆ, “ಮೇಷ್ಟ್ರು ಹೇಳಿದ್ರು ಅಂದ್ಯಲ್ಲ, ಅದ್ಕೇ ನಂಬ್ದೆ. ನೀನೇ ಹೇಳಿದ್ದಾಗಿದ್ರೆ, ಇನ್ನೊಂದ್ರಿಂದ ಭಾಗಿಸಿ ನೋಡ್ತಿದ್ದೆ” ಎಂದು ಮುಖ ತಿರುಗಿಸಿದಳು.